ಕಡಲ್ಗಳ್ಳರೂ ಬಯಲುಸೀಮೆಯ ಗೃಹಸ್ಥರೂ

ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ತಾಲೂಕುಗಳ ಬಹುಮಂದಿಗೆ ಸಮುದ್ರವು ಕೇಳಿದ ಮಾತೇ ಹೊರತು ನಿತ್ಯ ಕಾಣುವ ವಸ್ತುವಲ್ಲ. ಪಡುವಣ ಕಡಲು ಇಲ್ಲಿಂದ ನೆಟ್ಟಗೆ ಅಳೆದರೂ ಸುಮಾರು 300 ಕಿಲೋಮೀಟರು ದೂರವಿರುತ್ತದೆ. ಹೀಗಿರುವಲ್ಲಿ ಕಡಲ್ಗಳ್ಳರು ಹಡಗೊಂದನ್ನು ಹಿಡಿದರೆಂಬ ವರ್ತಮಾನವು ಬಂದಾಗ, ಅದು ಮಂಗಳೂರು ಕಾರವಾರಗಳವರ ಚಿಂತೆಯೆಂದು ಬಗೆದು ನಮ್ಮ ವಾಚಕರು ಪುಟ ತಿರುವಿಹಾಕುವುದು ಸಹಜವಾಗಿದೆ. ಸಹಜವಾದದ್ದೆಲ್ಲ ಸರಿಯಾದದ್ದಲ್ಲ. ಈ ಔದಾಸೀನ್ಯದಿಂದ ನಷ್ಟವಾಗುವುದು ನಮಗೇ ಎಂದು ತೋರಿಸಿಕೊಡುವುದು ನಮ್ಮ ಇಂದಿನ ಉದ್ದೇಶ.

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರಿನ ಗದ್ದೆಗಳಲ್ಲಿ ಭತ್ತವು ಬೆಳೆಯುತ್ತದೆಂಬುದನ್ನು ಯಾರಿಗೂ ಹೇಳಬೇಕಾಗಿಲ್ಲ. ಆದರೆ ಆ ಭತ್ತಕ್ಕೆ ಹಾಕುವ ಗೊಬ್ಬರವು ಎಲ್ಲಿಂದ ಬರುತ್ತದೆ? ಪೊಟ್ಯಾಶ್ ಎಂಬುದು ನಮ್ಮ ದೇಶಕ್ಕೆ ಬಹುತೇಕ ಪೂರ್ತಿಯಾಗಿ ಹೊರಗಿನಿಂದಲೇ ಬರತಕ್ಕದ್ದು. ಡಿ.ಎ.ಪಿ.ಯ ಮಾತೂ ಹೆಚ್ಚು ಕಡಿಮೆ ಅದೇ. ಪಣಂಬೂರಿನ ಕಾರಖಾನೆಯಲ್ಲಿ ಅದನ್ನು ತಯಾರಿಸಿದರೂ ಅದಕ್ಕೆ ಬೇಕಾದ ಆಮ್ಲವನ್ನು ಹಡಗಿನಲ್ಲಿಯೇ ತರಬೇಕು. ಇನ್ನು ಅಡಿಗೆಯ ಎಣ್ಣೆ. ಒಂದು ಕಾಲಕ್ಕೆ ಸೂರ್ಯಕಾಂತಿಯ ಬೆಳೆಯಲ್ಲಿ ದೇಶಕ್ಕೇ ಮುಂದಾಗಿದ್ದ ಕರ್ನಾಟಕದ ಗೃಹಿಣಿಯು ಈಗ ಒಗ್ಗರಣೆಗೆ ಬಳಸುವ ಎಣ್ಣೆಯ ಬಹುಭಾಗವು ರಶಿಯಾ ಉಕ್ರೇನುಗಳಿಂದ, ಕಪ್ಪು ಸಮುದ್ರ, ಸುಯೆಜ್ ಕಾಲುವೆ, ಕೆಂಪು ಸಮುದ್ರಗಳ ಹಾದಿಯಾಗಿ ಬರುತ್ತದೆ. (ನಮ್ಮ ಎರೆಹೊಲಗಳು ಇದ್ದಲ್ಲಿಯೇ ಇರುವಾಗ ಹೀಗೇಕಾಯಿತೆಂಬುದನ್ನು ಇನ್ನೊಮ್ಮೆ ವಿಚಾರಿಸಬೇಕಾಗಿದೆ.) ಆ ಹಾದಿ ಕಟ್ಟಿದರೆ ಹಡಗುಗಳು ಆಫ್ರಿಕದ ತುದಿಯನ್ನು ಸುತ್ತಿ ಹತ್ತು ಹದಿನಾಲ್ಕು ದಿನ ತಡವಾಗಿ ಬರಬೇಕಾಗುತ್ತದೆ. ಬಾಡಿಗೆಯೂ ವಿಮೆಯೂ ಏರುತ್ತವೆ. ಆ ಏರಿಕೆಯ ಒಂದು ಪಾಲು ಸರಕಾರದ ಬೊಕ್ಕಸದ ಮೇಲೂ ಇನ್ನೊಂದು ಪಾಲು ಅಂಗಡಿಯ ತಕ್ಕಡಿಯ ಮೇಲೂ ಬೀಳುತ್ತದೆ. ಗೊಬ್ಬರದ ಅಂಗಡಿಯ ಮುಂದಿನ ಪಾಳಿಗೆಲ್ಲ ಕಡಲ್ಗಳ್ಳರೇ ಕಾರಣರೆಂದು ನಾವು ಹೇಳುವುದಿಲ್ಲ. ಅದಕ್ಕೆ ಬೇರೆ ಕಾರಣಗಳೂ ಬೇರೆ ಕಳ್ಳರೂ ಉಂಟು.

ಬಯಲುಸೀಮೆಗೂ ಕಡಲಿಗೂ ಇರುವ ಈ ನಂಟು ಇಂದಿನದಲ್ಲ. ಅಶೋಕನ ಹೆಸರು ಕೊರೆದ ಬಂಡೆಯನ್ನು ನೆರೆಯಲ್ಲಿಟ್ಟುಕೊಂಡಿರುವ ಮಸ್ಕಿಯವರಿಗೂ, ಮುದಗಲ್ಲಿನ ಕೋಟೆಯನ್ನು ಕಂಡಿರುವ ಲಿಂಗಸುಗೂರಿನವರಿಗೂ ಈ ದೋಆಬದ ಯುದ್ಧಗಳ ಕಥೆ ಗೊತ್ತಿದೆ. ಆ ಯುದ್ಧಗಳಿಗೆ ಬೇಕಾದ ಕುದುರೆಗಳು ಮಾತ್ರ ಅರಬಸ್ತಾನದಿಂದ ಹಡಗೇರಿ ಭಟ್ಕಳ, ಹೊನ್ನಾವರ, ಗೋವೆಗಳಲ್ಲಿ ಇಳಿಯುತ್ತಿದ್ದವು. ಪೋರ್ತುಗೀಜ ಬರಹಗಾರನಾದ ನೂನೆಜನು ತಿಳಿಸುವಂತೆ, ಕೃಷ್ಣದೇವರಾಯನು ಗೋವೆಯಲ್ಲಿ ಕುದುರೆ ಕೊಳ್ಳಲೆಂದು 40,000 ವರಹಗಳನ್ನು ಕೊಟ್ಟು ಕಳುಹಿಸಿದ ವರ್ತಕನು ಹಣದೊಡನೆ ಆದಿಲಶಾಹಿಯನ್ನು ಸೇರಿಕೊಂಡದ್ದೇ 1520ರ ರಾಯಚೂರು ಯುದ್ಧಕ್ಕೆ ನೆಪವಾಯಿತು. ಅದಕ್ಕೆ ಹತ್ತು ವರ್ಷ ಮೊದಲು, 1510ರಲ್ಲಿ, ಅಲ್ಬುಕರ್ಕನಿಗೆ ಗೋವೆಯ ಹಾದಿ ತೋರಿಸಿದವನು ಹೊನ್ನಾವರದ ಕಡಲ ನಾಯಕ ತಿಮ್ಮಯ್ಯ. ಅವನನ್ನು ಕೆಲವರು ಕಡಲ್ಗಳ್ಳನೆಂದು ಬರೆದಿದ್ದಾರೆ. ತಮ್ಮ ರಹದಾರಿಯಿಲ್ಲದ ಹಡಗನ್ನೆಲ್ಲ ಸುಲಿಯುತ್ತಿದ್ದ ಪೋರ್ತುಗೀಜರಿಗೆ ಅದೇ ಬರಹಗಾರರು ಕೊಟ್ಟ ಹೆಸರು ಬೇರೆ!

ನಮ್ಮ ಕರಾವಳಿಯಲ್ಲಿ ಕಳ್ಳರೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಒಂದನೆಯ ಶತಮಾನದ ರೋಮಿನ ಪ್ಲಿನಿಯು ನಿತ್ರಿಯಾಸ್ ಎಂಬಲ್ಲಿಯ ಕಡಲ್ಗಳ್ಳರನ್ನು ಹೆಸರಿಸಿ, ಅವರ ಭಯಕ್ಕೆ ಹಡಗುಗಳಲ್ಲಿ ಬಿಲ್ಲುಗಾರರನ್ನು ಒಯ್ಯುತ್ತಿದ್ದರೆಂದು ಬರೆದಿದ್ದಾನೆ. ಅದು ನೇತ್ರಾವತಿಯ ಮುಖವೇ ಎಂದು ಕೆಲವು ವಿದ್ವಾಂಸರ ಮತ. ಹದಿನಾಲ್ಕನೆಯ ಶತಮಾನದ ಇಬ್ನ್ ಬತೂತನಂತೂ ಹೊನ್ನಾವರಕ್ಕೂ ಬಾರಕೂರಿಗೂ ನಡುವೆ ಹನ್ನೆರಡು ದೋಣಿಗಳ ಕಳ್ಳರಿಗೆ ಸಿಕ್ಕು, ಉಟ್ಟ ಬಟ್ಟೆಯೊಂದುಳಿದು ಸರ್ವಸ್ವವನ್ನೂ ಕಳೆದುಕೊಂಡನು.

ಈಗಿನ ಕಾಲಕ್ಕೆ ಬರೋಣ. ಸೋಮಾಲಿಯದ ಕಡಲ್ಗಳ್ಳರ ಹಾವಳಿಯು 2008ರಿಂದ ಮಿತಿಮೀರಿತು. ಆ ವರ್ಷದ ಅಕ್ಟೋಬರಿನಿಂದ ನಮ್ಮ ನೌಕಾಪಡೆಯು ಏಡನ್ ಕೊಲ್ಲಿಯಲ್ಲಿ ಕಾವಲು ತಿರುಗುತ್ತಿದೆ. ಅವರು ಸರಕಿನ ಹಡಗುಗಳನ್ನಷ್ಟೇ ಅಲ್ಲದೆ ವಿಹಾರಕ್ಕೆ ಹೊರಟ ಹಾಯಿದೋಣಿಗಳನ್ನೂ ಬಿಡಲಿಲ್ಲ. 2011ರ ಫೆಬ್ರುವರಿಯಲ್ಲಿ ಕ್ವೆಸ್ಟ್ ಎಂಬ ಹಾಯಿದೋಣಿಯಲ್ಲಿ ಮುಂಬಯಿಯಿಂದ ಓಮಾನಿನ ಕಡೆಗೆ ಸಾಗಿದ್ದ ನಾಲ್ವರು ಅಮೇರಿಕನ್ನರು ಕಳ್ಳರ ಕೈಯಲ್ಲಿ ಕೊಲೆಯಾದರು. ಅದೇ ವರ್ಷ ಕಳ್ಳರು ಲಕ್ಷದ್ವೀಪದ ನೆರೆಗೇ ಬಂದರು. 1956ರ ವರೆಗೂ ಅಮೀನದೀವಿ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವೆಂಬುದನ್ನು ನೆನೆದರೆ, ಕಳ್ಳನು ನಮ್ಮ ಹಿತ್ತಿಲಿಗೇ ಬಂದಿದ್ದನೆನ್ನಬೇಕು. ನಮ್ಮ ನೌಕಾಪಡೆಯವರೂ ತಟರಕ್ಷಕರೂ ಕೆಲವೇ ತಿಂಗಳಲ್ಲಿ ನೂರಕ್ಕೂ ಮೇಲ್ಪಟ್ಟು ಕಳ್ಳರನ್ನು ಸೆರೆಹಿಡಿದರು. ಮಾರ್ಚಿನಲ್ಲಿ ವೇಗಾ 5 ಎಂಬ ಒಂದೇ ಹಡಗಿನ ಪ್ರಕರಣದಲ್ಲಿ ಸಿಕ್ಕವರು 61 ಮಂದಿ.

ಆದರೆ ಕಳ್ಳರಿಗಿಂತ ಹೆಚ್ಚು ಕಾಲ ನಮ್ಮನ್ನು ಕಾಡಿದ್ದು ನಕ್ಷೆಯ ಮೇಲಿನ ಒಂದು ಗೆರೆ. ಪಶ್ಚಿಮದ ಹಡಗು ವ್ಯಾಪಾರಸ್ಥರ ಸಂಘಗಳು 2010ರಲ್ಲಿ ಅಪಾಯದ ವಲಯವನ್ನು ಪೂರ್ವ ರೇಖಾಂಶ 78ರ ವರೆಗೆ ಎಳೆದು, ಕಾರವಾರದಿಂದ ಮಂಗಳೂರಿನ ವರೆಗಿನ ನಮ್ಮ ಕಡಲನ್ನೆಲ್ಲ ಅದರೊಳಗೆ ಸೇರಿಸಿಬಿಟ್ಟರು. ವಿಮೆಯ ಹೆಚ್ಚಿನ ಭಾರವು ನಮ್ಮ ಬಂದರುಗಳಿಗೆ ಬರುವ ಹಡಗುಗಳ ಮೇಲೆ ಬಿದ್ದಿತು. ಕಳ್ಳರಿಗೆ ಹೆದರಿದ ಹಡಗುಗಳು ಶಸ್ತ್ರಧಾರಿಗಳನ್ನು ಹೇರಿಕೊಂಡು ನಮ್ಮ ಕರೆಗೆ ಅಂಟಿಕೊಂಡು ಸಾಗತೊಡಗಿದವು. ಪರಿಣಾಮವೇನಾಯಿತು? 2012ರ ಫೆಬ್ರುವರಿ 15ರಂದು ಕೇರಳದ ಆಚೆ ಇಟಲಿಯ ಎನ್ರಿಕಾ ಲೆಕ್ಸಿ ಹಡಗಿನ ಸೈನಿಕರು ಬಡ ಮೀನುಗಾರರಿಬ್ಬರನ್ನು ಕಡಲ್ಗಳ್ಳರೆಂದು ಗುಂಡಿಕ್ಕಿ ಕೊಂದರು. 10 ಕೋಟಿ ರೂಪಾಯಿ ಪರಿಹಾರದೊಡನೆ ಆ ಮೊಕದ್ದಮೆ ಮುಗಿದದ್ದು 2021ರಲ್ಲಿ. ಗೆರೆಯು ಹಿಂದೆ ಸರಿದದ್ದು 2015ರ ಡಿಸೆಂಬರಿನಲ್ಲಿ. ಪೂರ್ತಿಯಾಗಿ ಅಳಿದದ್ದು 2023ರ ಆರಂಭದಲ್ಲಿ. ತನ್ನ ಕಡಲನ್ನು ತಾನೇ ಕಾಯಲಾರದ ದೇಶಕ್ಕೆ ಅನ್ಯರು ಹೇಗೆ ಗೆರೆ ಎಳೆಯುವರೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಗೆರೆ ಅಳಿದ ವರ್ಷವೇ ಭಯವು ಮರಳಿತು. 2023ರ ನವೆಂಬರಿನಲ್ಲಿ, ಗುಜರಾತಿನ ಪೀಪಾವಾವ್ ಬಂದರಿಗೆ ಬರುತ್ತಿದ್ದ ಗ್ಯಾಲಕ್ಸಿ ಲೀಡರ್ ಹಡಗನ್ನು ಯಮನ್ ದೇಶದ ಹೂಥಿಗಳು ಕೆಂಪು ಸಮುದ್ರದಲ್ಲಿ ಹಿಡಿದರು. ಸ್ವಂತ ಲಾಭಕ್ಕಾಗಿ ಮಾಡಿದರೆ ಮಾತ್ರ ಕಡಲ್ಗಳ್ಳತನ, ರಾಜಕೀಯಕ್ಕೆ ಮಾಡಿದರೆ ಅಲ್ಲ ಎಂದು ಕಾಯದೆ ಬಲ್ಲವರು ಭೇದವೆಣಿಸುತ್ತಾರೆ. ಸೆರೆಸಿಕ್ಕ ಖಲಾಸಿಗೆ ಆ ಭೇದದಿಂದ ಪ್ರಯೋಜನವಿಲ್ಲ. ಲೋಕದ ಕಣ್ಣು ಕೆಂಪು ಸಮುದ್ರದ ಮೇಲಿರುವಾಗ, ಡಿಸೆಂಬರಿನಲ್ಲಿ ಸೋಮಾಲಿಯದವರು ರೂಯೆನ್ ಎಂಬ ಹಡಗನ್ನು ಅಪಹರಿಸಿದರು. ಮೂರು ತಿಂಗಳ ಮೇಲೆ, 2024ರ ಮಾರ್ಚಿನಲ್ಲಿ, ನಮ್ಮ ಐ.ಎನ್.ಎಸ್. ಕೋಲ್ಕತಾ ನೌಕೆಯವರು ಅದನ್ನು ತಡೆದು, 17 ಮಂದಿ ನಾವಿಕರನ್ನು ಬಿಡಿಸಿ, 35 ಕಳ್ಳರನ್ನು ಮುಂಬಯಿಗೆ ತಂದರು. ಈ ಸಾಹಸಕ್ಕೆ ದೇಶವು ಹೆಮ್ಮೆಪಡಬೇಕಾದದ್ದು ನ್ಯಾಯವೇ.

ಹಿಡಿದ ಮೇಲೆ ಏನೆಂಬುದೇ ಪ್ರಶ್ನೆ. 1999ರಲ್ಲಿ ಜಪಾನೀಯರ ಅಲೊಂಡ್ರಾ ರೇನ್‌ಬೋ ಹಡಗನ್ನು ಕದ್ದವರನ್ನು ನಮ್ಮವರು ಬೆನ್ನಟ್ಟಿ ಹಿಡಿದರು. 2003ರಲ್ಲಿ ಮುಂಬಯಿಯ ನ್ಯಾಯಾಲಯವು ಅವರಿಗೆ ಏಳು ವರ್ಷಗಳ ಶಿಕ್ಷೆ ವಿಧಿಸಿತು. 2005ರಲ್ಲಿ ಉಚ್ಚ ನ್ಯಾಯಾಲಯವು ಅವರನ್ನು ಬಿಟ್ಟಿತು. ಕಡಲ್ಗಳ್ಳತನವೆಂಬ ಅಪರಾಧಕ್ಕೆ ನಮ್ಮ ದಂಡಸಂಹಿತೆಯಲ್ಲಿ ಆಗ ವ್ಯಾಖ್ಯೆಯೇ ಇರಲಿಲ್ಲ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ, ಅದಕ್ಕಾಗಿಯೇ ಒಂದು ಕಾಯದೆಯನ್ನು ಸಂಸತ್ತು ಅಂಗೀಕರಿಸಿದ್ದು 2022ರ ಡಿಸೆಂಬರಿನಲ್ಲಿ. ಈಗ ಯಾವಜ್ಜೀವ ಸೆರೆಯೂ, ಪ್ರಾಣಹಾನಿಯಾದಲ್ಲಿ ಮರಣದಂಡನೆಯ ವರೆಗೂ ಶಿಕ್ಷೆಯುಂಟು.

ಕಳ್ಳನ ಶಿಕ್ಷೆಗೆ ಕಾಯದೆಯಾಯಿತು, ಸಂತೋಷ; ಕಳ್ಳನ ಕೈಗೆ ಸಿಕ್ಕವನ ಮನೆಯವರ ಗತಿಯೇನು? ಆಸ್ಫಾಲ್ಟ್ ವೆಂಚರ್ ಹಡಗಿನ ವೃತ್ತಾಂತವನ್ನು ನಮ್ಮ ಅಧಿಕಾರಿವರ್ಗದವರು ಮರೆಯಬಾರದು. 2010ರ ಸೆಪ್ಟೆಂಬರಿನಲ್ಲಿ ಅದರ 15 ಮಂದಿ ಭಾರತೀಯರು ಸೆರೆಸಿಕ್ಕರು. 2011ರ ಏಪ್ರಿಲಿನಲ್ಲಿ ಒತ್ತೆಹಣ ಪಡೆದೂ ಕಳ್ಳರು ಏಳು ಮಂದಿಯನ್ನು ಬಿಡಲಿಲ್ಲ. ಭಾರತದ ಸೆರೆಯಲ್ಲಿರುವ ತಮ್ಮವರನ್ನು ಬಿಟ್ಟರೆ ಬಿಡುವೆವೆಂದರು. ಆ ಏಳು ಮಂದಿ ಮನೆ ಕಂಡದ್ದು 2014ರ ಕೊನೆಗೆ. ನಮ್ಮ ನೌಕಾಪಡೆಯ ಪರಾಕ್ರಮದ ಬೆಲೆಯನ್ನು ನಾಲ್ಕು ವರ್ಷ ತೆತ್ತವರು ಅವರು. ಸೆರೆಯಲ್ಲಿರುವ ನಾವಿಕನ ಸಂಬಳವು ನಿಲ್ಲಬಾರದೆಂದು ಅಂತರರಾಷ್ಟ್ರೀಯ ನಾವಿಕ ಕಾರ್ಮಿಕ ಒಡಂಬಡಿಕೆಗೆ ಮಾಡಿದ ತಿದ್ದುಪಡಿಯು 2020ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಭಾರತವು ಆ ಒಡಂಬಡಿಕೆಯನ್ನು 2015ರಲ್ಲಿಯೇ ಒಪ್ಪಿದೆ. ಕಾಗದದ ಮೇಲಿನ ಮಾತು ಸಾಲದು. ಹಡಗಿನ ಯಜಮಾನನು ದಿವಾಳಿಯೆದ್ದು ಕೈಬಿಟ್ಟರೆ ಆ ಸಂಬಳವನ್ನು ಸರಕಾರವೇ ಮುಂಗಡವಾಗಿ ಕೊಟ್ಟು ಬಳಿಕ ಯಜಮಾನನಿಂದಲೋ ವಿಮೆಯವರಿಂದಲೋ ವಸೂಲು ಮಾಡತಕ್ಕದ್ದೆಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ.

ಸಿಂಧನೂರು ಮಸ್ಕಿಗಳು ಕೊಪ್ಪಳ ಲೋಕಸಭಾ ಕ್ಷೇತ್ರಕ್ಕೂ, ಲಿಂಗಸುಗೂರು ರಾಯಚೂರು ಕ್ಷೇತ್ರಕ್ಕೂ ಸೇರಿರುತ್ತವೆ. ಇವು ಕಡಲಿಲ್ಲದ ಕ್ಷೇತ್ರಗಳೆಂದು ನಮ್ಮ ಪ್ರತಿನಿಧಿಗಳು ಸುಮ್ಮನಿರಕೂಡದು. ಹೊರಕಡಲುಗಳಲ್ಲಿ ಸೆರೆಯಾಗಿರುವ ಭಾರತೀಯರೆಷ್ಟು, ಅವರ ಮನೆಗಳಿಗೆ ಸಂಬಳವು ಮುಟ್ಟಿದೆಯೆ, 2024ರಲ್ಲಿ ತಂದ 35 ಮಂದಿಯ ವಿಚಾರಣೆಯು ಯಾವ ಹಂತಕ್ಕೆ ಬಂದಿದೆ ಎಂಬ ಮೂರು ಪ್ರಶ್ನೆಗಳನ್ನು ಬರುವ ಅಧಿವೇಶನದಲ್ಲಿಯೇ ಕೇಳಿ, ದೊರೆತ ಉತ್ತರವನ್ನು ತಮ್ಮ ಮತದಾರರಿಗೆ ತಿಳಿಸಬೇಕೆಂದು ನಾವು ಅವರಿಬ್ಬರನ್ನೂ ಕೇಳಿಕೊಳ್ಳುತ್ತೇವೆ.