ಯಾವ ಬಳೆಗೆ ಹೊಡೆಯಬೇಕು?

ಮೆಕ್ಯಾನಿಕಲ್ ಬಿಇ ಮುಗಿಸಿದ ಮೇಲೆ ಕೊಪ್ಪಳದ ಹತ್ತಿರದ ಒಂದು ಕಾರ್ಖಾನೆಗೆ ಇಂಟರ್‌ವ್ಯೂಗೆ ಹೋಗಿದ್ದೆ. ಬೇರಿಂಗ್ ಮೇಲಿನ ಭಾರ ಎರಡು ಪಟ್ಟಾದರೆ ಅದರ ಆಯುಷ್ಯ ಎಷ್ಟಾಗುತ್ತದೆ ಎಂದು ಕೇಳಿದರು. ಬಾಲ್ ಬೇರಿಂಗ್ ಆದರೆ ಎಂಟರಲ್ಲಿ ಒಂದು ಪಾಲು ಎಂದೆ. ಪರೀಕ್ಷೆಗೆ ಎಷ್ಟು ಸಲ ಉರು ಹೊಡೆದ ಲೆಕ್ಕವದು! ಮುಂದಿನ ಪ್ರಶ್ನೆ, 'ಬೇರಿಂಗ್ ಕೂರಿಸುವಾಗ ಹೊರಬಳೆಗೆ ಒತ್ತುತ್ತೀರೋ, ಒಳಬಳೆಗೋ?' ಎರಡರಲ್ಲಿ ಯಾವುದಾದರೂ ನಡೆಯುತ್ತದೆ ಎಂದೆ. ಅವರು ಮುಂದೆ ಏನೂ ಕೇಳಲಿಲ್ಲ. ನಾನೂ ಮನೆಗೆ ಬಂದು ಪುಸ್ತಕ ತೆರೆದು ನೋಡಲಿಲ್ಲ.

ಉತ್ತರ ಸಿಕ್ಕಿದ್ದು ನಮ್ಮ ಮನೆಯಂಗಳದಲ್ಲಿ, ಅಪ್ಪನ ಹಳೆಯ ಮಾರುತಿ 800ರ ಹಿಂದಿನ ಗಾಲಿಯಲ್ಲಿ. 1983ರಲ್ಲಿ ಶುರುವಾಗಿ 2014ರಲ್ಲಿ ತಯಾರಿಕೆ ನಿಂತ ಈ ಕಾರು ನಮ್ಮ ಕಡೆ ಇನ್ನೂ ಓಡುತ್ತಿದೆ. ಕುಷ್ಟಗಿ ರಸ್ತೆಯಲ್ಲಿ ವೇಗ ಹೆಚ್ಚಿದಂತೆ ಹಿಂದಿನಿಂದ 'ಹೂಂ' ಎನ್ನುವ ಸದ್ದು ಏರುತ್ತಿತ್ತು. ಕ್ಲಚ್ ಒತ್ತಿದರೂ ನಿಲ್ಲುತ್ತಿರಲಿಲ್ಲ. ಬಲಕ್ಕೆ ತಿರುಗಿಸಿದರೆ ಜೋರಾಗುತ್ತಿತ್ತು, ಎಡಕ್ಕೆ ತಿರುಗಿಸಿದರೆ ಇಳಿಯುತ್ತಿತ್ತು. ಬಲಕ್ಕೆ ತಿರುಗುವಾಗ ಭಾರ ಎಡಗಡೆ ಗಾಲಿಗಳ ಮೇಲೆ ಬೀಳುತ್ತದೆ. ಅಂದರೆ ಕೆಟ್ಟದ್ದು ಎಡಗಡೆಯ ಬೇರಿಂಗ್. ಗಂಗಾವತಿಯ ಮಾಮಾನ ಗದ್ದೆಗೆ ನಾಟಿ ದಿನಗಳಲ್ಲಿ ಕಾಲುವೆ ಪಕ್ಕದ ಕೆಸರಲ್ಲೇ ಹೋಗಿ ಬರುತ್ತಿದ್ದ ಕಾರು. ಸೀಲ್ ಸವೆದ ಮೇಲೆ ನೀರು ಒಳಗೆ ಹೋದರೆ ಗ್ರೀಸ್ ತೊಳೆದುಹೋಗುತ್ತದೆ, ಗುಂಡುಗಳಿಗೆ ತುಕ್ಕು ಹಿಡಿಯುತ್ತದೆ.

ನಾನೇ ಬದಲಿಸುತ್ತೇನೆಂದು ಹೊರಟೆ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಜಾಕ್ ಇರುವುದು ಎತ್ತಲು, ಹೊತ್ತು ನಿಲ್ಲಲು ಅಲ್ಲ. ಎತ್ತಿದ ಮೇಲೆ ಗಟ್ಟಿ ಸ್ಟ್ಯಾಂಡ್ ಕೊಡದೆ ಕೈ ಹಾಕಬೇಡಿ. ಡ್ರಮ್ ಹೊರಬರಬೇಕಾದ್ದರಿಂದ ಹ್ಯಾಂಡ್‌ಬ್ರೇಕ್ ಹಾಕುವಂತಿಲ್ಲ. ಕಾರನ್ನು ಗೇರಿನಲ್ಲಿಟ್ಟು ಮುಂದಿನ ಗಾಲಿಗಳ ಎರಡೂ ಬದಿಗೆ ಕಲ್ಲು ಕೊಟ್ಟೆ. ಗಾಲಿ ತೆಗೆದು, ನಡುವಿನ ಮುಚ್ಚಳ ಕಿತ್ತು, ಸ್ಪ್ಲಿಟ್ ಪಿನ್ ನೆಟ್ಟಗೆ ಮಾಡಿ ಎಳೆದಾಗ ಕಟ್ಟೆಯ ಮೇಲೆ ಕೂತಿದ್ದ ಅಜ್ಜ, 'ಇದು ನಮ್ಮ ಬಂಡಿ ಕಡೆಗೀಲು ಅಲ್ಲೇನೋ' ಎಂದ. ನಿಜ, ಕೆಲಸ ಅದೇ. ನಟ್ ಸಡಿಲಾಗಿ ಗಾಲಿ ಕಳಚದಂತೆ ತಡೆಯುವ ತುಂಡು ತಂತಿ. ಅದಕ್ಕೇ ಹಳೆಯ ಪಿನ್ ಮತ್ತೆ ಹಾಕಬಾರದು, ಹೊಸದೇ ಬೇಕು. ಡ್ರಮ್ಮಿನೊಳಗಿನ ಧೂಳನ್ನು ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹಳೆಯ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ಕೆಟ್ಟದ್ದು.

ಡ್ರಮ್ಮಿನಲ್ಲಿ ಎರಡು ಬೇರಿಂಗ್, ನಡುವೆ ಒಂದು ಸ್ಪೇಸರ್. ಹಳೆಯವನ್ನು ಹೊಡೆದು ಹೊರತೆಗೆದೆ. ಹೊಸದನ್ನು ಇಟ್ಟು, ಒಳಬಳೆಯ ಮೇಲೆ ಪೈಪ್ ಕೊಟ್ಟು ಸುತ್ತಿಗೆಯಿಂದ ನಾಲ್ಕು ಬಾರಿಸಿದೆ. ಕೂತಿತು. ಬೆರಳಿಂದ ತಿರುಗಿಸಿದರೆ ಕರಕರ ಎನ್ನುತ್ತಿತ್ತು. ಹೊಸ ಬೇರಿಂಗ್ ಒಂದು ಕಿಲೋಮೀಟರ್ ಕೂಡ ಓಡದೆ ಸತ್ತಿತ್ತು.

ಡ್ರಮ್ ಹೊತ್ತುಕೊಂಡು ಹೋಗಿದ್ದು ಏಳನೇ ಇಯತ್ತೆವರೆಗೆ ಓದಿದ ಗ್ಯಾರೇಜಿನ ಉಸ್ತಾದರ ಬಳಿ. 'ಒಳಗಿನ ಬಳೀಗೆ ಯಾಕ ಹೊಡದಿ ತಮ್ಮಾ? ಆ ಪೆಟ್ಟು ಗುಂಡಿನ ಮ್ಯಾಲೆ ಬೀಳ್ತೈತಿ. ಬಿಗಿ ಎಲ್ಲೈತೋ ಅಲ್ಲಿ ಬಡೀಬೇಕು.' ಡ್ರಮ್ಮಿನೊಳಗೆ ಕೂರಿಸುವಾಗ ಬಿಗಿ ಇರುವುದು ಹೊರಬಳೆಗೆ, ಹಾಗಾಗಿ ಅಲ್ಲೇ ಒತ್ತಬೇಕು. ಶಾಫ್ಟ್ ಮೇಲೆ ಬಿಗಿಯಾಗಿ ಕೂರಿಸುವುದಾದರೆ ಒಳಬಳೆಗೆ. ಇಂಟರ್‌ವ್ಯೂನ ಪ್ರಶ್ನೆಗೆ ಉತ್ತರ ಇಷ್ಟೇ ಇತ್ತು! ಎರಡನೇ ಬೇರಿಂಗನ್ನು ಅವರೆದುರೇ, ಹಳೆಯ ಬೇರಿಂಗಿನ ಹೊರಬಳೆಯನ್ನೇ ಮೇಲಿಟ್ಟು ಕೂರಿಸಿದೆ. ಸ್ಪೇಸರ್ ಹಾಕಿದೆಯೋ ಇಲ್ಲವೋ ಎಂದು ಎರಡು ಸಲ ಕೇಳಿದರು. ಅದಿಲ್ಲದೆ ನಟ್ ಬಿಗಿದರೆ ಅಡ್ಡ ಒತ್ತಡ ಬಿದ್ದು ಬೇರಿಂಗ್ ಸುಡುತ್ತದೆ.

ನನ್ನ ಸಿಟ್ಟು ಕಾಲೇಜಿನ ಮೇಲಷ್ಟೇ ಅಲ್ಲ, ನನ್ನ ಮೇಲೂ ಇದೆ. ನಾಲ್ಕು ವರ್ಷ ಬೇರಿಂಗಿನ ಚಿತ್ರ ಬರೆದೆ. ಲ್ಯಾಬಿನಲ್ಲಿ ಅದು ಗಾಜಿನ ಕಪಾಟಿನಲ್ಲಿತ್ತು, ಮುಟ್ಟಬೇಕೆಂದು ನನಗೂ ಅನಿಸಲಿಲ್ಲ. ಐಟಿಐಯಲ್ಲಿ ಎರಡು ವರ್ಷ ಮೋಟಾರ್ ಮೆಕ್ಯಾನಿಕ್ ಕಲಿತ ಗೆಳೆಯನನ್ನು 'ಗ್ಯಾರೇಜಿನವ' ಎಂದು ಛೇಡಿಸಿದ್ದೂ ಉಂಟು. ಎಂಜಿನಿಯರ್‌ನ ಕೆಲಸ ಡಿಸೈನ್, ಸುತ್ತಿಗೆಯಲ್ಲ ಎನ್ನುವವರಿದ್ದಾರೆ. ಇರಲಿ, ಆದರೆ ಕೂರಿಸಲು ಬಾರದಂಥದ್ದನ್ನು ಡಿಸೈನ್ ಮಾಡಿದರೆ ಯಾರಿಗೆ ಉಪಯೋಗ? ಕಾಲೇಜುಗಳು ದೊಡ್ಡ ಯಂತ್ರ ತರಿಸಬೇಕಿಲ್ಲ. ಗಂಗಾವತಿಯ ಗ್ಯಾರೇಜುಗಳಲ್ಲಿ ಗುಜರಿಗೆ ಹೋಗುವ ಡ್ರಮ್, ಸವೆದ ಬೇರಿಂಗ್ ಸಾಕು. ಪ್ರತಿ ವಿದ್ಯಾರ್ಥಿಯೂ ಒಂದು ತೆಗೆದು ಒಂದು ಕೂರಿಸಲಿ, ಅದಕ್ಕೆ ಅಂಕ ಕೊಡಲಿ. ಹೇಳಿಕೊಡಲು ಉಸ್ತಾದರನ್ನು ಕರೆಸಲಿ, ಸಂಭಾವನೆ ಕೊಟ್ಟು. (ನಾನು ಆ ದಿನ ಕೊಟ್ಟ ಹಣವನ್ನು ಅವರು ಅರ್ಧ ವಾಪಸ್ ಕೊಟ್ಟರು, ಅದು ಬೇರೆ ಮಾತು.)

ಟಾರ್ಕ್ ರೆಂಚ್ ಅವರದ್ದೇ ಎರವಲು ತಂದು, ಮ್ಯಾನ್ಯುವಲ್ ಹೇಳಿದಷ್ಟು ನಟ್ ಬಿಗಿದು, ಹೊಸ ಪಿನ್ ಮಡಚಿದೆ. ಅಪ್ಪನನ್ನು ಕೂರಿಸಿಕೊಂಡು ಯಲಬುರ್ಗಾಕ್ಕೆ ಹೋಗಿ ಬಂದೆ. ಸದ್ದಿಲ್ಲ. ಇಳಿದು ಹಿಂದಿನ ಎರಡೂ ಗಾಲಿಗಳ ನಡುಭಾಗಕ್ಕೆ ಕೈ ಹಿಡಿದು ನೋಡಿದೆ, ಎರಡೂ ಒಂದೇ ಬಿಸಿ. ಅಪ್ಪನೂ ಇಳಿದು ಬಂದು ಒಮ್ಮೆ ಕೈ ಹಿಡಿದು ನೋಡಿದ.