ಆಗೊಮ್ಮೆ ಈಗೊಮ್ಮೆ ಕೆಡುವ ಕೀಲಿಮಣೆ

ಪೂರ್ತಿಯಾಗಿ ಕೆಟ್ಟು ನಿಂತ ಯಂತ್ರವನ್ನು ಸರಿಪಡಿಸುವುದು ಅಷ್ಟೇನೂ ಕಷ್ಟವಲ್ಲ. ಒಮ್ಮೊಮ್ಮೆ ಕೆಟ್ಟು, ರಿಪೇರಿಯವನು ಬಂದೊಡನೆ ಸಾಧುವಾಗಿಬಿಡುವ ಯಂತ್ರವೇ ನಿಜವಾದ ಪೀಡೆ. ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಬಳಸುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಇಂಥ ಪೀಡೆಯನ್ನು ಕಂಡಿರುವರು. ಕರ್ನೆಲ್ಲಿನ ಹೊಸ ಆವೃತ್ತಿಯನ್ನು ಅಳವಡಿಸಿದ ಮೇಲೆ ಕೀಲಿಮಣೆ ಇದ್ದಕ್ಕಿದ್ದಂತೆ ಮೌನ ತಾಳುತ್ತದೆ, ಇಲ್ಲವೆ ಒಂದೇ ಅಕ್ಷರವನ್ನು ಹತ್ತು ಸಲ ಮೂಡಿಸುತ್ತದೆ. ಯಂತ್ರವನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಏನೂ ನಡೆದಿಲ್ಲವೆಂಬಂತೆ ಕೆಲಸಮಾಡುತ್ತದೆ. ಆಗ ಸುತ್ತಲಿನವರು ಕೊಡುವ ಸಲಹೆ ಸಾಮಾನ್ಯವಾಗಿ ಒಂದೇ: ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿ. ಈ ಸಲಹೆಯನ್ನು ನಾವು ಒಪ್ಪಲಾರೆವು. ವರ್ಷವಿಡೀ ಕೂಡಿಟ್ಟ ಪ್ರಯೋಗದ ಲೆಕ್ಕಗಳು ಅದರಿಂದ ನಾಶವಾಗಬಹುದು. ಅದಕ್ಕಿಂತ ಮಿಗಿಲಾಗಿ, ದೋಷದ ಸಾಕ್ಷ್ಯವೂ ಅವುಗಳೊಡನೆ ಅಳಿಸಿಹೋಗುತ್ತದೆ.

ಕರ್ನೆಲ್ ಎಂಬುದು ಯಂತ್ರದ ಭಾಗಗಳಿಗೂ ನಾವು ಬಳಸುವ ಪ್ರೋಗ್ರಾಮುಗಳಿಗೂ ನಡುವೆ ನಿಂತಿರುವ ಮಧ್ಯವರ್ತಿ. ಕೀಲಿಯೊಂದನ್ನು ಒತ್ತಿದಾಗ ಕೀಲಿಮಣೆಯ ನಿಯಂತ್ರಕವು ಇಂಟರಪ್ಟ್ ಎಂಬ ವಿದ್ಯುತ್ ಸಂಜ್ಞೆಯಿಂದ ಪ್ರೊಸೆಸರಿನ ಬಾಗಿಲು ತಟ್ಟುತ್ತದೆ. ಕರ್ನೆಲ್ ಎದ್ದು ಬಂದು ಸುದ್ದಿಯನ್ನು ತೆಗೆದುಕೊಳ್ಳುತ್ತದೆ. ೧೯೮೪ರ ಐಬಿಎಂ ಪಿಸಿ ಎಟಿ ಯಂತ್ರದಲ್ಲಿದ್ದ ೮೦೪೨ ನಿಯಂತ್ರಕದ ರೀತಿನೀತಿಗಳನ್ನೇ ಅನೇಕ ಲ್ಯಾಪ್‌ಟಾಪುಗಳ ಒಳ ಕೀಲಿಮಣೆಗಳು ಇಂದಿಗೂ ಅನುಸರಿಸುತ್ತಿವೆ ಎಂಬುದು ವಾಚಕರಿಗೆ ಸೋಜಿಗವೆನಿಸಬಹುದು. ಬಾಗಿಲು ತಟ್ಟುವ ರೀತಿಯ ಬಗೆಗೆ ಇಬ್ಬರಲ್ಲಿ ಒಮ್ಮತವಿಲ್ಲದಿದ್ದರೆ ಕೆಲಸ ಕೆಡುತ್ತದೆ. ೨೦೨೨ರಲ್ಲಿ ಎಎಂಡಿಯ ಝೆನ್ ಜಾತಿಯ ಪ್ರೊಸೆಸರುಗಳಿದ್ದ ಕೆಲವು ಲ್ಯಾಪ್‌ಟಾಪುಗಳಲ್ಲಿ ನಡೆದದ್ದು ಇದೇ. ವೋಲ್ಟೇಜು ತಗ್ಗಿದಾಗ ಸಂಜ್ಞೆಯೆಂದು ತಿಳಿಯಬೇಕೆಂದು ತಯಾರಕರು ಯಂತ್ರದೊಳಗಿನ ಕೋಷ್ಟಕದಲ್ಲಿ ಹೇಳಿದ್ದರು. ಕರ್ನೆಲ್ ಅದನ್ನು ಬದಿಗೊತ್ತಿ, ಹಳೆಯ ಸಂಪ್ರದಾಯದಂತೆ ವೋಲ್ಟೇಜು ಏರುವುದನ್ನೇ ಕಾಯುತ್ತಿತ್ತು. ಆ ವರ್ಷದ ತಿದ್ದುಪಡಿಯಿಂದ ಹಲವು ಯಂತ್ರಗಳು ಸರಿಹೋದವು, ಬೇರೆ ಕೆಲವು ಕೆಟ್ಟವು. ೨೦೨೩ರಲ್ಲಿ ತಿದ್ದುಪಡಿಯನ್ನೇ ತಿದ್ದಬೇಕಾಯಿತು.

ಆದುದರಿಂದ ಕರ್ನೆಲ್ಲನ್ನು ಸಂಶಯಿಸುವುದು ತಪ್ಪಲ್ಲ. ಆದರೆ ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧ ಕಲ್ಪಿಸುವ ಮುನ್ನ ಕಾಗೆಯನ್ನು ಇನ್ನೊಮ್ಮೆ ಕೂರಿಸಿ ನೋಡಬೇಡವೆ? ಹೆಚ್ಚಿನ ಲಿನಕ್ಸ್ ವ್ಯವಸ್ಥೆಗಳು ಹಳೆಯ ಕರ್ನೆಲ್ಲನ್ನೂ ಉಳಿಸಿಕೊಂಡಿರುತ್ತವೆ. ಚಾಲೂ ಮಾಡುವಾಗ ಬರುವ ಪಟ್ಟಿಯಲ್ಲಿ ಅದನ್ನು ಆರಿಸಬಹುದು. ಬೇರೇನನ್ನೂ ಬದಲಿಸದೆ ಹಳೆಯದರಲ್ಲಿ ಕೆಲವು ಕಾಲ, ಹೊಸದರಲ್ಲಿ ಕೆಲವು ಕಾಲ ಕೆಲಸಮಾಡಿ ನೋಡತಕ್ಕದ್ದು. ದೋಷ ಎರಡರಲ್ಲೂ ಕಂಡರೆ ಸಡಿಲವಾದ ತಂತಿ, ತೇವ, ಧೂಳು ಇವುಗಳ ಕಡೆಗೆ ತಿರುಗಬೇಕು.

ಕೆಲವು ಕಾಲವೆಂದರೆ ಎಷ್ಟು? ಬಹುಮಂದಿ ಎಡವುವುದು ಇಲ್ಲಿಯೇ. ದೋಷವು ಸರಾಸರಿ ೨ ಗಂಟೆಗೊಮ್ಮೆ, ಯಾವ ಕ್ರಮವೂ ಇಲ್ಲದೆ, ವಿಕಿರಣಶೀಲ ಪರಮಾಣುವಿನ ವಿಘಟನೆಯಂತೆ ಬರುತ್ತದೆಂದು ಭಾವಿಸೋಣ. ಕೆಟ್ಟ ಕರ್ನೆಲ್ಲೇ ೨ ಗಂಟೆ ತೊಂದರೆಯಿಲ್ಲದೆ ನಡೆಯುವ ಸಂಭವ ನೂರಕ್ಕೆ ೩೭ರಷ್ಟಿದೆ! ೬ ಗಂಟೆ ಹಾಗೆ ನಡೆಯುವ ಸಂಭವ ನೂರಕ್ಕೆ ೫. ೧೦ ಗಂಟೆಗಾದರೆ ನೂರಕ್ಕೆ ಒಂದಕ್ಕಿಂತ ಕಡಮೆ. ಒಂದು ಸಲ ಕೆಟ್ಟರೆ ಆ ಕರ್ನೆಲ್ಲಿನಲ್ಲಿ ದೋಷ ಬರುತ್ತದೆಂಬುದು ಖಚಿತ. ಕೆಡದೆ ಇದ್ದ ಮಾತ್ರಕ್ಕೆ ಅದು ಶುದ್ಧವೆಂದು ಹೇಳಲಾಗದು. ಅರ್ಧ ಗಂಟೆ ನೋಡಿ "ಸರಿಹೋಯಿತು" ಎಂದು ಘೋಷಿಸುವವರನ್ನು ನಾವು ನಂಬುವುದಿಲ್ಲ. (ದೋಷವು ಯಂತ್ರ ನಿದ್ರೆಯಿಂದ ಎದ್ದಾಗಲೇ ಬರುವುದಾದರೆ ಗಂಟೆಗಳನ್ನಲ್ಲ, ಎಬ್ಬಿಸಿದ ಸಲಗಳನ್ನು ಎಣಿಸಬೇಕು.)

ಹಳೆಯದಕ್ಕೂ ಹೊಸದಕ್ಕೂ ನಡುವೆ ಸಾವಿರ ಬದಲಾವಣೆಗಳಾಗಿದ್ದರೆ ಅಪರಾಧಿಯನ್ನು ಹಿಡಿಯಲು ಒಂದು ಸುಂದರ ಉಪಾಯವುಂಟು. ನಟ್ಟನಡುವಿನ ಆವೃತ್ತಿಯನ್ನು ಪರೀಕ್ಷಿಸಿ, ದೋಷವಿರುವ ಅರ್ಧವನ್ನು ಉಳಿಸಿಕೊಂಡು, ಅದನ್ನೂ ಅರ್ಧಿಸುತ್ತ ಹೋದರೆ ಸುಮಾರು ೧೦ ಪರೀಕ್ಷೆಗಳಲ್ಲಿ ಒಂದೇ ಬದಲಾವಣೆ ಉಳಿಯುತ್ತದೆ. ೨೦೦೫ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಗಿಟ್ ಎಂಬ ಸಾಧನದಲ್ಲಿ ಇದಕ್ಕೆಂದೇ ಬೈಸೆಕ್ಟ್ ಎಂಬ ಆಜ್ಞೆಯಿದೆ. ಆದರೆ ಒಂದೇ ಒಂದು ಸಲ ಕೆಟ್ಟದ್ದನ್ನು ಒಳ್ಳೆಯದೆಂದು ಬಗೆದರೆ ಮುಂದಿನ ಹುಡುಕಾಟವೆಲ್ಲ ನಿರಪರಾಧಿಗಳ ಗುಂಪಿನಲ್ಲಿ ನಡೆಯುತ್ತದೆ. ಹತ್ತರಲ್ಲಿ ೫ ಆವೃತ್ತಿಗಳು ನಿಜವಾಗಿ ಕೆಟ್ಟವಾಗಿದ್ದು, ಪ್ರತಿಯೊಂದನ್ನೂ ೨ ಗಂಟೆ ಮಾತ್ರ ನೋಡಿದರೆ, ಐದೂ ಸಿಕ್ಕಿಬೀಳುವ ಸಂಭವ ನೂರಕ್ಕೆ ೧೦. ೬ ಗಂಟೆ ನೋಡಿದರೆ ನೂರಕ್ಕೆ ೭೭. ಇಷ್ಟು ತಾಳ್ಮೆ ಯಾರಿಗಿದೆ ಎಂದು ಕೇಳಬಹುದು. ಒಂದು ವಾರ ಮಾಮೂಲು ಕೆಲಸವನ್ನೇ ಮಾಡುತ್ತ ಪಕ್ಕದಲ್ಲೊಂದು ಕಾಗದ ಇಟ್ಟುಕೊಳ್ಳುವುದಕ್ಕೆ ವಿಶೇಷ ತಾಳ್ಮೆ ಬೇಕಿಲ್ಲವೆಂದು ನಮ್ಮ ಅಭಿಪ್ರಾಯ.

ಹಿಂದೆ ನಡೆಯುತ್ತಿದ್ದುದು ಹೊಸ ಆವೃತ್ತಿಯಲ್ಲಿ ಕೆಡಕೂಡದೆಂಬುದು ಲಿನಕ್ಸ್ ಕರ್ನೆಲ್ ರಚಿಸುವವರು ತಮಗೆ ತಾವೇ ಹಾಕಿಕೊಂಡ ನಿಯಮ. "ಕೀಲಿಮಣೆ ಕೆಟ್ಟಿದೆ" ಎಂಬ ದೂರಿನಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಯಂತ್ರದ ಮಾದರಿ, ಎರಡೂ ಕರ್ನೆಲ್ಲುಗಳ ಸಂಖ್ಯೆ, ಕೆಟ್ಟ ಕ್ಷಣದಲ್ಲಿ ಕರ್ನೆಲ್ ತಾನೇ ಬರೆದಿಟ್ಟ ದಾಖಲೆ, ಇವುಗಳೊಡನೆ "ಹಳೆಯದರಲ್ಲಿ ೨೦ ಗಂಟೆ, ಒಮ್ಮೆಯೂ ಇಲ್ಲ, ಹೊಸದರಲ್ಲಿ ೮ ಗಂಟೆ, ೪ ಸಲ, ಹೊರಗಿನಿಂದ ಜೋಡಿಸಿದ ಯುಎಸ್‌ಬಿ ಕೀಲಿಮಣೆ ಆಗಲೂ ನಡೆಯುತ್ತಿತ್ತು" ಎಂದು ಕಾಲೇಜು ವಿದ್ಯಾರ್ಥಿಯೊಬ್ಬ ಬರೆದು ಕಳಿಸಿದರೆ ಎಲ್ಲಿಂದ ಹುಡುಕಬೇಕೆಂಬುದು ಅವರಿಗೆ ಅಷ್ಟರಿಂದಲೇ ಗೊತ್ತಾಗುತ್ತದೆ.