ದಂಡವಾದರೆ ಕಾರಣ ಕೇಳುತ್ತಾರೆ, ಶುಲ್ಕವಾದರೆ ಕೇಳುವುದಿಲ್ಲ: ಆದಾಯ ತೆರಿಗೆಯ ಲೇಟ್ ಫೀ ಮತ್ತು ಸಣ್ಣ ವ್ಯಾಪಾರಿ

2026ರ ಫೆಬ್ರವರಿ 1ರ ಬಜೆಟ್ ಭಾಷಣದಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹೇಳಿದ ಎರಡು ಮಾತುಗಳು ನೇರವಾಗಿ ವ್ಯಾಪಾರಿಗಳಿಗೆ ಸಂಬಂಧಿಸಿದವು. ಆಡಿಟ್ ಅಗತ್ಯವಿಲ್ಲದ ಸಣ್ಣ ವ್ಯಾಪಾರಿಗಳಿಗೂ ಟ್ರಸ್ಟ್‌ಗಳಿಗೂ ರಿಟರ್ನ್ಸ್ ಸಲ್ಲಿಸಲು ಜುಲೈ 31ರ ಬದಲು ಆಗಸ್ಟ್ 31ರವರೆಗೆ ಸಮಯ ಕೊಡುವುದು ಮೊದಲನೆಯದು. ಇದು ಎಲ್ಲ ಕಡೆ ಸುದ್ದಿಯಾಯಿತು, ಆಗಲೇಬೇಕಿತ್ತು. ಎರಡನೆಯದರ ಕಡೆ ಹೆಚ್ಚಿನವರ ಗಮನ ಹೋಗಲಿಲ್ಲ. ಲೆಕ್ಕಪತ್ರ ಆಡಿಟ್ ಮಾಡಿಸದವರಿಗೆ ಇದುವರೆಗೆ ಹಾಕುತ್ತಿದ್ದ 'ದಂಡ'ವನ್ನು ಇನ್ನು 'ಶುಲ್ಕ' ಮಾಡಲಾಗುವುದು ಎಂಬ ಪ್ರಸ್ತಾವ ಅದು. ಕೇಳಲು ಶಿಕ್ಷೆ ಕಡಿಮೆಯಾದ ಹಾಗೆ ಇದೆ. ಆದರೆ ತೆರಿಗೆ ಕಾನೂನಿನಲ್ಲಿ ಈ ಎರಡು ಪದಗಳ ನಡುವೆ ಇರುವ ವ್ಯತ್ಯಾಸ ಗೊತ್ತಿದ್ದವರಿಗೆ ಸ್ವಲ್ಪ ಆತಂಕ ಆಗದೆ ಇರದು.

ದಂಡ ಹಾಕಬೇಕಾದರೆ ಅಧಿಕಾರಿ ನೋಟಿಸ್ ಕೊಡಬೇಕು, ಉತ್ತರ ಕೇಳಬೇಕು. 1961ರ ಆದಾಯ ತೆರಿಗೆ ಕಾಯ್ದೆಯ 273ಬಿ ಸೆಕ್ಷನ್ ಪ್ರಕಾರ ಸಮಂಜಸ ಕಾರಣ ತೋರಿಸಿದರೆ ಹಲವು ಬಗೆಯ ದಂಡಗಳನ್ನು ಹಾಕುವ ಹಾಗಿಲ್ಲ. ಆಸ್ಪತ್ರೆಯಲ್ಲಿದ್ದೆ, ಅಂಗಡಿಗೆ ಬೆಂಕಿ ಬಿತ್ತು, ಆಡಿಟರ್ ತೀರಿಕೊಂಡರು ಎಂದು ಹೇಳಿಕೊಳ್ಳಲು ಅಲ್ಲಿ ಒಂದು ಜಾಗ ಇದೆ. ಶುಲ್ಕದಲ್ಲಿ ಆ ಜಾಗವೇ ಇಲ್ಲ. ದಿನಾಂಕ ದಾಟಿದರೆ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದ ಕಂಪ್ಯೂಟರ್ ಅದನ್ನು ಲೆಕ್ಕಕ್ಕೆ ಸೇರಿಸುತ್ತದೆ. ಕಾರಣ ಕೇಳುವುದಕ್ಕೆ ಅಲ್ಲಿ ಮನುಷ್ಯರೇ ಕೂತಿರುವುದಿಲ್ಲ.

ತಡವಾಗಿ ರಿಟರ್ನ್ಸ್ ಹಾಕಿದವರು ಕಟ್ಟುವ 234ಎಫ್ ಲೇಟ್ ಫೀ ಅಂಥದ್ದು. 2017ರ ಹಣಕಾಸು ಕಾಯ್ದೆಯಲ್ಲಿ ಬಂದ ಇದು 2018-19ರ ಅಸೆಸ್‌ಮೆಂಟ್ ವರ್ಷದಿಂದ ಜಾರಿಯಲ್ಲಿದೆ. ಒಟ್ಟು ಆದಾಯ 5 ಲಕ್ಷದೊಳಗಿದ್ದರೆ 1,000 ರೂಪಾಯಿ, ಅದಕ್ಕಿಂತ ಮೇಲಾದರೆ 5,000. ಉಪ್ಪಳದಲ್ಲೋ ಉಳ್ಳಾಲದಲ್ಲೋ ಚಪ್ಪಲಿ ಅಂಗಡಿ ಇಟ್ಟಿರುವ ಒಬ್ಬರ ಲೆಕ್ಕ ಹಾಕಿ ನೋಡಬಹುದು. 2024-25ರಲ್ಲಿ ವಹಿವಾಟು 75 ಲಕ್ಷ, ಎಲ್ಲವೂ ನಗದು. 44ಎಡಿ ಪ್ರಕಾರ ಶೇ. 8 ಲಾಭ ತೋರಿಸಿದರೆ ಆದಾಯ 6 ಲಕ್ಷ. ಹೊಸ ಪದ್ಧತಿಯಲ್ಲಿ ಆ ವರ್ಷ 7 ಲಕ್ಷದವರೆಗೆ ರಿಯಾಯಿತಿ ಇದ್ದುದರಿಂದ ಕಟ್ಟಬೇಕಾದ ತೆರಿಗೆ ಸೊನ್ನೆ. ಆದರೆ ರಿಟರ್ನ್ಸ್ ಒಂದು ವಾರ ತಡವಾದರೆ ಕಟ್ಟಬೇಕಾದದ್ದು 5,000. ಸರಕಾರಕ್ಕೆ ಒಂದು ರೂಪಾಯಿ ಬಾಕಿ ಇಲ್ಲದವನು ಕಟ್ಟುವುದೂ ಅಷ್ಟೇ, 6 ಕೋಟಿ ಆದಾಯದವನು ಕಟ್ಟುವುದೂ ಅಷ್ಟೇ.

ಅನ್ಯಾಯದ ಬೇರು ಇರುವುದು ಆ 5 ಲಕ್ಷದ ಗೆರೆಯಲ್ಲಿ. 2017ರಲ್ಲಿ ಗೆರೆ ಎಳೆದಾಗ 5 ಲಕ್ಷ ಆದಾಯದವನು ತೆರಿಗೆ ಕಟ್ಟುವವನೇ ಆಗಿದ್ದ. 2019ರಲ್ಲಿ ರಿಯಾಯಿತಿ 5 ಲಕ್ಷಕ್ಕೆ ಏರಿತು. ಹೊಸ ಪದ್ಧತಿಯಲ್ಲಿ 2023ರಲ್ಲಿ 7 ಲಕ್ಷವಾಯಿತು, 2025ರ ಬಜೆಟ್‌ನಲ್ಲಿ 12 ಲಕ್ಷವಾಯಿತು. ತೆರಿಗೆಯ ಗೆರೆ ಇಷ್ಟು ಮೇಲೆ ಹೋದರೂ ಲೇಟ್ ಫೀಯ ಗೆರೆ ಮಾತ್ರ ಹಾಕಿದಲ್ಲೇ ಇದೆ. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವ ಹಾಗೆ ಮಾಡಿದ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲೂ ಅದೇ 5,000, ಅದೇ 1,000, ಅದೇ 5 ಲಕ್ಷ. ಅರುವತ್ತು ವರ್ಷ ಹಳೆಯ ಕಾನೂನನ್ನು ಪೂರ್ತಿ ಹೊಸದಾಗಿ ಬರೆಯುವಾಗ ಇದೊಂದು ಅಂಕಿಯನ್ನು ತಿದ್ದಲು ಎಷ್ಟು ಹೊತ್ತು ಬೇಕಿತ್ತು? ಪರಿಹಾರ ಕೇಳುವ ಸಂಘಗಳು, ವ್ಯಾಪಾರಿ ಸಮಿತಿಗಳು ಮೊದಲು ಕೇಳಬೇಕಾದದ್ದು ಇದನ್ನೇ: ತೆರಿಗೆ ಸೊನ್ನೆ ಇರುವವನ ಲೇಟ್ ಫೀ 1,000 ದಾಟಬಾರದು ಮತ್ತು ಸಮಂಜಸ ಕಾರಣ ಇದ್ದರೆ ಅದೂ ಬೇಡ.

ಟಿಡಿಎಸ್ ವಿಷಯದಲ್ಲಿ ಶುಲ್ಕದ ಕಾಟ ಇನ್ನೂ ಜೋರು. 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯ ಮನೆ, ಜಾಗ ಕೊಳ್ಳುವವರು ಮಾರುವವರಿಗೆ ಕೊಡುವ ಹಣದಲ್ಲಿ ಶೇ. 1 ಮುರಿದು ಕಟ್ಟಿ ಫಾರಂ ಸಲ್ಲಿಸಬೇಕು ಎಂಬುದು ಎಷ್ಟೋ ಜನರಿಗೆ ರಿಜಿಸ್ಟ್ರೇಷನ್ ಆದಮೇಲೆಯೇ ಗೊತ್ತಾಗುವುದು. ತಡವಾದರೆ 234ಇ ಪ್ರಕಾರ ದಿನಕ್ಕೆ 200 ರೂಪಾಯಿ. 60 ಲಕ್ಷದ ಮನೆಗೆ ಟಿಡಿಎಸ್ 60,000. 300 ದಿನ ತಡವಾದರೆ ಶುಲ್ಕವೂ 60,000. ಮುರಿದು ಕಟ್ಟಬೇಕಾದ ಮೊತ್ತವನ್ನು ಮೀರಬಾರದು ಎಂಬ ಮಿತಿ ಇರುವುದರಿಂದ ಅಲ್ಲಿಗೆ ನಿಲ್ಲುತ್ತದೆ ಎಂಬುದೊಂದೇ ಸಮಾಧಾನ. ಇದರ ವಿರುದ್ಧ ಕೋರ್ಟಿಗೆ ಹೋದವರಿದ್ದಾರೆ. 2015ರಲ್ಲಿ ಬಾಂಬೆ ಹೈಕೋರ್ಟ್ ಈ ಸೆಕ್ಷನ್ ಸಂವಿಧಾನಬದ್ಧ ಎಂದಿತು. ತಡವಾದ ದಾಖಲೆಯಿಂದ ಇಲಾಖೆಗೆ ಹೆಚ್ಚುವರಿ ಕೆಲಸ ಬೀಳುತ್ತದೆ, ಅದಕ್ಕಾಗಿ ಈ ಶುಲ್ಕ, ಇದು ಶಿಕ್ಷೆಯಲ್ಲ ಎಂಬುದು ಅದರ ತರ್ಕ. ಅದೇ ತರ್ಕವನ್ನು ರಿಟರ್ನ್ಸ್‌ಗೆ ಹಚ್ಚಿದರೆ 4.9 ಲಕ್ಷದವನ ಫೈಲಿಗೆ 1,000 ರೂಪಾಯಿಯ ಕೆಲಸ, 5.1 ಲಕ್ಷದವನ ಫೈಲಿಗೆ 5,000 ರೂಪಾಯಿಯ ಕೆಲಸ ಎಂದಾಯಿತು. ಕಂಪ್ಯೂಟರ್ ಮಾಡುವ ಕೆಲಸಕ್ಕೆ ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ.

ಹಾಗಂತ ನೇರ ತೆರಿಗೆ ಮಂಡಳಿಗೆ ಪರಿಹಾರ ಕೊಡಲು ಬರುವುದಿಲ್ಲ ಎಂದಲ್ಲ. ಅದು ಕೊಡುವುದು ಗುಂಪಿಗೆ. ಲೇಟ್ ಫೀ ಬಂದ ಮೊದಲ ವರ್ಷವೇ, 2018ರ ಆಗಸ್ಟ್‌ನಲ್ಲಿ ಕೇರಳ ನೆರೆಯಲ್ಲಿ ಮುಳುಗಿತ್ತು. ಮಂಡಳಿ ಕೇರಳದ ತೆರಿಗೆದಾರರಿಗೆ ಆಗಸ್ಟ್ 31ರ ಗಡುವನ್ನು ಸೆಪ್ಟೆಂಬರ್ 15ಕ್ಕೆ ಮುಂದೂಡಿತು. ಮಂಜೇಶ್ವರ, ಕುಂಬಳೆ, ಕಾಸರಗೋಡಿನವರಿಗೂ ಅದು ಸಿಕ್ಕಿತು. ಆದೇಶ ಕೇರಳಕ್ಕೆ ಮಾತ್ರ. ಅದೇ ಮಳೆಗೆ ಕೊಡಗಿನಲ್ಲಿ ಗುಡ್ಡ ಕುಸಿದು ಊರಿಗೆ ಊರೇ ಖಾಲಿಯಾಗಿತ್ತು. ಮಳೆಗೆ ರಾಜ್ಯದ ಗಡಿ ಗೊತ್ತಿರಲಿಲ್ಲ, ಆದೇಶಕ್ಕೆ ಗೊತ್ತಿತ್ತು.

2025ರಲ್ಲಿ ಕಂಡದ್ದೂ ಹೆಚ್ಚು ಬೇರೆಯಲ್ಲ. ಆಡಿಟ್ ವರದಿಯ ಗಡುವು ಸೆಪ್ಟೆಂಬರ್ 30 ಇತ್ತು. ಲೆಕ್ಕಪರಿಶೋಧಕರ ಸಂಘಗಳು ರಾಜಸ್ಥಾನ ಮತ್ತು ಕರ್ನಾಟಕ ಹೈಕೋರ್ಟ್‌ಗಳಿಗೆ ಹೋದವು, ಕೋರ್ಟ್‌ಗಳು ಒಂದು ತಿಂಗಳು ಕೊಡಿ ಎಂದವು. ಗಡುವು ಅಕ್ಟೋಬರ್ 31ಕ್ಕೆ ಹೋಯಿತು, ಮತ್ತೆ ನವೆಂಬರ್ 10ಕ್ಕೆ ಹೋಯಿತು. ಆಡಿಟ್ ಇಲ್ಲದ ಸಣ್ಣವರಿಗೆ ಜುಲೈ 31ರ ಗಡುವನ್ನು ಸೆಪ್ಟೆಂಬರ್ 15ಕ್ಕೆ ಮೊದಲೇ ಮುಂದೂಡಲಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಕೊನೆಯ ದಿನಗಳಲ್ಲಿ ಪೋರ್ಟಲ್ ಕೈಕೊಡುತ್ತಿದೆ ಎಂದು ದೇಶವೇ ಗೋಗರೆದಾಗ ಸಿಕ್ಕಿದ್ದು 15ರ ತಡರಾತ್ರಿಯ ಪ್ರಕಟಣೆ ಮತ್ತು ಹೆಚ್ಚುವರಿಯಾಗಿ ಒಂದೇ ಒಂದು ದಿನ. ಮಲಗಿದ್ದವನು ಬೆಳಿಗ್ಗೆ ಎದ್ದು ತಿಳಿದುಕೊಳ್ಳುವಷ್ಟರಲ್ಲಿ ಅರ್ಧ ದಿನ ಹೋಗಿತ್ತು.

ಇನ್ನು ಒಬ್ಬೊಬ್ಬರೇ ಅರ್ಜಿ ಹಾಕಿ ಪರಿಹಾರ ಕೇಳುವ ದಾರಿಗಳು. ಹೆಚ್ಚಿನವರು ಸೋಲುವುದು ಇಲ್ಲಿಯೇ. ತಪ್ಪು ಬಾಗಿಲು ತಟ್ಟಿ, ಉತ್ತರ ಬಾರದೆ, ಕೊನೆಗೆ 'ಎಲ್ಲ ಮೋಸ' ಎಂದು ಕೈಬಿಡುತ್ತಾರೆ. 234ಎಫ್‌ನ 5,000 ಮನ್ನಾ ಮಾಡಿ ಎಂದು ವಾರ್ಡ್ ಅಧಿಕಾರಿಗೆ ಬರೆದ ಪತ್ರಕ್ಕೆ ಬೆಲೆ ಇಲ್ಲ, ಅವರಿಗೆ ಆ ಅಧಿಕಾರವೇ ಇಲ್ಲ. ಆದರೆ ತಡವಾದುದರಿಂದ ಕೈತಪ್ಪಿದ ರಿಫಂಡ್ ಇದ್ದರೆ ಅಥವಾ ಮುಂದಿನ ವರ್ಷಗಳಿಗೆ ಒಯ್ಯಬೇಕಾದ ನಷ್ಟ ಇದ್ದರೆ 119(2)(ಬಿ) ಅಡಿ ವಿಳಂಬ ಮನ್ನಿಸಲು ಕೇಳಬಹುದು. 2024ರ ಅಕ್ಟೋಬರ್ 1ರ ಮಂಡಳಿಯ ಸುತ್ತೋಲೆ ಪ್ರಕಾರ 1 ಕೋಟಿವರೆಗಿನ ಮೊತ್ತವನ್ನು ತೀರ್ಮಾನಿಸುವುದು ಪ್ರಧಾನ ಆಯುಕ್ತರು ಅಥವಾ ಆಯುಕ್ತರು. ಅಸೆಸ್‌ಮೆಂಟ್ ವರ್ಷ ಮುಗಿದ 5 ವರ್ಷದೊಳಗೆ ಅರ್ಜಿ ಹೋಗಬೇಕು, ಮೊದಲು ಇದು 6 ವರ್ಷ ಇತ್ತು. ಆರು ತಿಂಗಳಲ್ಲಿ ಅರ್ಜಿ ಇತ್ಯರ್ಥ ಮಾಡಬೇಕೆಂದೂ ಅದರಲ್ಲಿದೆ.

ಗಲ್ಫ್‌ನಲ್ಲಿ ದುಡಿಯುವವರು ಇದನ್ನು ಗಮನಿಸಬೇಕು. ಎನ್‌ಆರ್‌ಒ ಖಾತೆಯ ಬಡ್ಡಿಯಲ್ಲಿ ಬ್ಯಾಂಕು ಸೆಸ್ ಸೇರಿ ಶೇ. 31.2 ಮುರಿಯುತ್ತದೆ. 1 ಲಕ್ಷ ಬಡ್ಡಿಗೆ 31,200. ಊರಿನಲ್ಲಿ ಬೇರೆ ಆದಾಯ ಇಲ್ಲದಿದ್ದರೆ ಆ ಪೂರ್ತಿ ಹಣ ವಾಪಸ್ ಬರಬೇಕಾದದ್ದು, ಆದರೆ ರಿಟರ್ನ್ಸ್ ಹಾಕಿದರೆ ಮಾತ್ರ. ಬಡ್ಡಿ ತನಗೆ ಬೇಡ ಎಂದು ಖಾತೆಯ ಕಡೆ ತಿರುಗಿಯೂ ನೋಡದವರ ಪಾನ್ ಮೇಲೂ ಈ ಟಿಡಿಎಸ್ ಜಮೆಯಾಗಿರುತ್ತದೆ. ಹಳೆಯ ವರ್ಷಗಳ 26ಎಎಸ್ ತೆಗೆದು ನೋಡಿದರೆ ಗೊತ್ತಾಗುತ್ತದೆ. ವಿಳಂಬ ಮನ್ನಿಸಿ ಕೊಡುವ ಇಂಥ ರಿಫಂಡ್‌ಗೆ ಇಲಾಖೆ ಬಡ್ಡಿ ಸೇರಿಸುವುದಿಲ್ಲ.

ಡಿಮ್ಯಾಂಡ್ ನೋಟಿಸ್ ಬಂದು 30 ದಿನದಲ್ಲಿ ಕಟ್ಟದೆ ಹೋದರೆ ತಿಂಗಳಿಗೆ ಶೇ. 1ರಂತೆ ಬೆಳೆಯುವ ಬಡ್ಡಿಗೆ ದಾರಿ ಬೇರೆ, 220(2ಎ). ನಿಜವಾದ ಕಷ್ಟ, ಕೈಮೀರಿದ ಕಾರಣ, ವಿಚಾರಣೆಗೆ ಸಹಕಾರ, ಈ ಮೂರನ್ನೂ ತೋರಿಸಬೇಕು. 50 ಲಕ್ಷದವರೆಗಿನ ಬಡ್ಡಿಯ ಬಗ್ಗೆ ಪ್ರಧಾನ ಆಯುಕ್ತರೇ ನಿರ್ಧರಿಸಬಹುದೆಂದು 2024ರ ನವೆಂಬರ್‌ನಲ್ಲಿ ಮಂಡಳಿ ಹೇಳಿದೆ. ಆದಾಯ ಕಡಿಮೆ ತೋರಿಸಿದ್ದಕ್ಕೆ ಬೀಳುವ ಶೇ. 50ರ ದಂಡಕ್ಕೆ 270ಎಎ ಇದೆ: ತೆರಿಗೆ, ಬಡ್ಡಿ ಕಟ್ಟಿ, ಮೇಲ್ಮನವಿ ಹಾಕದೆ, ಆದೇಶ ಕೈಸೇರಿದ ತಿಂಗಳು ಮುಗಿದ ಮೇಲೆ ಒಂದು ತಿಂಗಳೊಳಗೆ ಫಾರಂ 68 ಸಲ್ಲಿಸಿದರೆ ದಂಡದಿಂದ ಬಿಡುಗಡೆ. ಆದರೆ ಸುಳ್ಳು ಕಡಿತ ತೋರಿಸಿ ರಿಫಂಡ್ ಮಾಡಿಸಿಕೊಡುವ ಏಜೆಂಟರನ್ನು ನಂಬಿದವರ ಕೇಸು ಶೇ. 200ರ ದಂಡಕ್ಕೆ ಹೋಗುತ್ತದೆ. ಆ ಹಳೆಯ ವರ್ಷಗಳಿಗೆ ಈ ಸೆಕ್ಷನ್ ಉಪಯೋಗಕ್ಕೆ ಬಾರದು.

ಟ್ರಸ್ಟ್‌ಗಳ ವಿಷಯ ಇನ್ನೂ ಗಂಭೀರ. ಮದ್ರಸ, ಅನಾಥಾಲಯ, ಆಂಬ್ಯುಲೆನ್ಸ್ ಸೇವೆ ನಡೆಸುವ ನೋಂದಾಯಿತ ಸಂಸ್ಥೆಗಳು 10ಬಿ ಅಥವಾ 10ಬಿಬಿ ಆಡಿಟ್ ವರದಿಯನ್ನು ಗಡುವಿನೊಳಗೆ ಹಾಕದಿದ್ದರೆ ತೆರಿಗೆ ವಿನಾಯಿತಿಯೇ ಹೋಗಬಹುದು. ಆಗ ಜನರು ಕೊಟ್ಟ ದೇಣಿಗೆಯೇ ಆದಾಯವೆಂದು ಲೆಕ್ಕಕ್ಕೆ ಬಂದು ಲಕ್ಷಗಟ್ಟಲೆ ಡಿಮ್ಯಾಂಡ್ ಬರುತ್ತದೆ. ಕಮಿಟಿ ಬದಲಾದಾಗ ಪಾಸ್‌ವರ್ಡ್ ಹಳೆಯ ಕಾರ್ಯದರ್ಶಿಯ ಮೊಬೈಲಿನಲ್ಲೇ ಉಳಿಯುವುದು ಎಲ್ಲ ಊರಿನ ಕಥೆ. ಇಂಥ ವಿಳಂಬ 365 ದಿನದೊಳಗಿದ್ದರೆ ಆಯುಕ್ತರು, ಅದಕ್ಕಿಂತ ಹೆಚ್ಚಾದರೆ ಮುಖ್ಯ ಆಯುಕ್ತರು ಮನ್ನಿಸಬಹುದು ಎಂದು 2024ರ ನವೆಂಬರ್ 18ರ ಸುತ್ತೋಲೆ ಹೇಳುತ್ತದೆ. ಇಲ್ಲಿ ಸಿಗುವುದು 5 ವರ್ಷವಲ್ಲ, ಅಸೆಸ್‌ಮೆಂಟ್ ವರ್ಷ ಮುಗಿದು ಬರೀ 3 ವರ್ಷ. ಡಿಮ್ಯಾಂಡ್ ಬಂದ ಮೇಲೆ ಸಭೆ ಕರೆದು ಚರ್ಚೆ ಮಾಡುತ್ತಾ ಕೂತರೆ ಆ ಮೂರು ವರ್ಷ ಹೋದದ್ದೇ ಗೊತ್ತಾಗದು.

ಅರ್ಜಿ ಎಲ್ಲಿಗೆ ಎಂಬುದು ಗಡಿನಾಡಿನವರಿಗೆ ಮಾತ್ರ ಇರುವ ಗೊಂದಲ. ಮನೆ ಮಂಜೇಶ್ವರದಲ್ಲಿ, ಅಂಗಡಿ ಮಂಗಳೂರು ಬಂದರಿನಲ್ಲಿ, ಜಿಎಸ್‌ಟಿ ಕರ್ನಾಟಕದ್ದು, ಆಡಿಟರ್ ಕಾಸರಗೋಡಿನವರು. ಆದಾಯ ತೆರಿಗೆಗೆ ಅಂಗಡಿ ಎಲ್ಲಿದೆ ಎನ್ನುವುದಕ್ಕಿಂತ ಪಾನ್ ಯಾವ ವಾರ್ಡಿನಲ್ಲಿದೆ ಎಂಬುದು ಮುಖ್ಯ. ಪೋರ್ಟಲ್‌ನಲ್ಲಿ ಪಾನ್ ನಂಬರ್ ಹಾಕಿದರೆ ಅಧಿಕಾರಿ ಯಾರೆಂದು ತೋರಿಸುತ್ತದೆ. ಅದನ್ನು ನೋಡದೆ ಹತ್ತಿರದ ಕಚೇರಿಯಲ್ಲಿ ಕೊಟ್ಟು ಸೀಲ್ ಹಾಕಿಸಿಕೊಂಡು ಬಂದರೆ ಕಾಗದ ತಲಪ್ಪಾಡಿ ಗೇಟಿನ ಆಚೆ ಈಚೆ ಓಡಾಡುತ್ತಾ ತಿಂಗಳುಗಟ್ಟಲೆ ಹೋಗುತ್ತದೆ. ಅರ್ಜಿಯಲ್ಲಿ 'ದಯವಿಟ್ಟು ಮನ್ನಿಸಿ' ಎಂದು ನಾಲ್ಕು ಸಲ ಬರೆಯುವುದಕ್ಕಿಂತ ದಿನಾಂಕಗಳು ಮುಖ್ಯ: ಯಾವ ದಿನ ಆಸ್ಪತ್ರೆಗೆ ಸೇರಿದ್ದು, ಯಾವ ದಿನ ಬಿಟ್ಟದ್ದು, ಗಡುವು ಅದರ ಮಧ್ಯೆ ಬಂತೇ ಇಲ್ಲವೇ. ಡಿಸ್ಚಾರ್ಜ್ ಸಮ್ಮರಿ, ಅಗ್ನಿಶಾಮಕ ದಳದ ವರದಿ, ಪೋರ್ಟಲ್‌ನ ಎರರ್ ಬಂದ ಸ್ಕ್ರೀನ್‌ಶಾಟ್, ಹಿಂದಿನ ವರ್ಷಗಳಲ್ಲಿ ಸಮಯಕ್ಕೆ ಸಲ್ಲಿಸಿದ ರಸೀದಿ ಜೊತೆಗಿರಬೇಕು.

2020ರ ಏಪ್ರಿಲ್‌ನಲ್ಲಿ ತಲಪ್ಪಾಡಿ ಗಡಿ ಮುಚ್ಚಿತ್ತು, ಅಂಗಡಿಗಳು ಬಾಗಿಲು ಹಾಕಿದ್ದವು, ಗಲ್ಫ್‌ನಲ್ಲಿ ಕೆಲಸ ಕಳೆದುಕೊಂಡವರು ವಿಮಾನಕ್ಕಾಗಿ ಕಾಯುತ್ತಿದ್ದರು. ಆ ವರ್ಷದ ನಷ್ಟ ತೋರಿಸದವರು, ಟಿಡಿಎಸ್ ವಾಪಸ್ ಕೇಳದವರು ಎಷ್ಟೋ ಮಂದಿ. ಆ ಹಣಕಾಸು ವರ್ಷದ ಅಸೆಸ್‌ಮೆಂಟ್ ವರ್ಷ 2021-22. ಹಳೆಯ ವರ್ಷಗಳಿಗೆ ಹಳೆಯ ಕಾಯ್ದೆಯೇ ಅನ್ವಯ. 5 ವರ್ಷದ ಲೆಕ್ಕದಲ್ಲಿ ಅದಕ್ಕೆ ವಿಳಂಬ ಮನ್ನಾ ಅರ್ಜಿ ಹಾಕಲು 2027ರ ಮಾರ್ಚ್ 31 ಕೊನೆಯ ದಿನ.